ಹಾಡಿದವರ ರುಜು

ಹಸ್ತಾಕ್ಷರ ಸಂಗ್ರಹದ ಗೀಳು ಹಿಡಿದವನನ್ನು ಗುರುತಿಸುವುದು ಕಷ್ಟವಲ್ಲ. ಕಚೇರಿ ಮುಗಿದು, ಪಕ್ಕವಾದ್ಯದವರು ಪಿಟೀಲನ್ನು ಪೆಟ್ಟಿಗೆಗೆ ಸೇರಿಸುವ ಮೊದಲೇ, ವೇದಿಕೆಯ ಮೆಟ್ಟಿಲ ಬಳಿ ಪುಟ್ಟ ಪುಸ್ತಕವನ್ನು ತೆರೆದು ನಿಂತಿರುವವನೇ ಅವನು. ಹಾಡನ್ನು ಅವನು ಕೇಳಿರಲೇಬೇಕೆಂಬ ನಿಯಮವೇನೂ ಇಲ್ಲ. ಪೆನ್ನಿನಲ್ಲಿ ಮಸಿ ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲಿಯೇ ಪಲ್ಲವಿ ಕಳೆದುಹೋಗಿರುವುದೂ ಉಂಟು.

ಈ ಗೀಳು ಪರಾಕಾಷ್ಠೆಯನ್ನು ಮುಟ್ಟಿರುವುದು ಅಮೆರಿಕದಲ್ಲಿ. ಆ ದೇಶದ ದಕ್ಷಿಣ ಭಾಗದ ಹಳ್ಳಿಗಾಡಿನ ಹಾಡು ರೇಡಿಯೋವನ್ನೇರಿ, ‘ಕಂಟ್ರಿ ಮ್ಯೂಸಿಕ್’ ಎಂಬ ಹೆಸರಿನಿಂದ ದೊಡ್ಡದೊಂದು ಉದ್ಯಮವಾಗಿ ಬೆಳೆಯಿತು. ಅದರ ರಾಜಧಾನಿಯಾದ ನ್ಯಾಷ್‌ವಿಲ್ ನಗರದಲ್ಲಿ 1972ರಲ್ಲಿ ಅಭಿಮಾನಿಗಳಿಗಾಗಿಯೇ ಒಂದು ಜಾತ್ರೆ ಆರಂಭವಾಯಿತು. 1996ರ ಜಾತ್ರೆಯಲ್ಲಿ ಗಾರ್ತ್ ಬ್ರೂಕ್ಸ್ ಎಂಬ ಪ್ರಖ್ಯಾತ ಗಾಯಕ ಬಿಡುವಿಲ್ಲದೆ 23 ಗಂಟೆಗಳಿಗೂ ಮೀರಿ ನಿಂತು, ಬಂದವರಿಗೆಲ್ಲ ರುಜು ಹಾಕಿಕೊಟ್ಟನಂತೆ. ಟೋಪಿ, ಗಿಟಾರು, ಭಾವಚಿತ್ರ, ಕಾಲಿನ ಬೂಟು—ರುಜು ಬೀಳದ ವಸ್ತುವೇ ಅಲ್ಲಿಲ್ಲ. ಅಷ್ಟು ಹೊತ್ತು ಹಾಡಿದ್ದರೆ ಏನಾಗುತ್ತಿತ್ತೋ!

ಇಂಥದೇ ಆಸೆ ಆಲೂರಿನ ಹುಡುಗನೊಬ್ಬನಿಗೆ ಹುಟ್ಟಿತೆಂದು ಭಾವಿಸಬಹುದು. ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ, ಬಯಲು ಮುಗಿದು ಮಲೆನಾಡು ಮೊದಲಾಗುವೆಡೆಯಲ್ಲಿರುವ ಊರು ಅದು. ಅಲ್ಲಿಗೂ ಒಂದು ಕಂಟ್ರಿ ಮ್ಯೂಸಿಕ್ ಇದೆ. ಗದ್ದೆಯ ನಾಟಿಯ ಪದ, ಮದುವೆಯ ಸೋಬಾನೆ, ಸುಗ್ಗಿಯ ಕುಣಿತದ ಹಾಡು, ಬೀಸುವ ಕಲ್ಲು ಮೂಲೆ ಸೇರಿದ ಮೇಲೂ ಮುದುಕಿಯರ ನಾಲಗೆಯಲ್ಲಿ ಉಳಿದಿರುವ ರಾಗಿ ಬೀಸುವ ಪದ. ಹುಡುಗ ಪುಸ್ತಕವನ್ನು ಹಿಡಿದು ಅಂಥ ಒಬ್ಬ ಅಜ್ಜಿಯ ಜಗಲಿಗೆ ಹೋಗುತ್ತಾನೆ. ಅಜ್ಜಿ ರಾತ್ರಿಯೆಲ್ಲ ಹಾಡಿದರೂ ಮುಗಿಯದಷ್ಟು ಪದಗಳನ್ನು ಬಲ್ಲವಳು. ಆದರೆ ಅಕ್ಷರವನ್ನು ಕಲಿತವಳಲ್ಲ. ರುಜು ಬೇಕೆಂದರೆ ಅವಳ ಮುಖದಲ್ಲಿ ಮೊದಲು ಮೂಡುವುದು ಸಂಕೋಚವಲ್ಲ, ಭಯ.

ಆ ಭಯಕ್ಕೆ ಕಾರಣವಿದೆ. ಬಡವರ ಮನೆಯಲ್ಲಿ ಹೆಬ್ಬೆಟ್ಟು ಕಾಗದದ ಮೇಲೆ ಬಿದ್ದಾಗಲೆಲ್ಲ ಏನನ್ನಾದರೂ ಕಳೆದುಕೊಂಡದ್ದೇ ಹೆಚ್ಚು. ಸಾಲದ ಪತ್ರ, ಮುಂಗಡದ ಚೀಟಿ, ಓದಿ ಹೇಳದೆ ಒತ್ತಿಸಿಕೊಂಡ ಕರಾರು. ಜೀತವನ್ನು ರದ್ದುಗೊಳಿಸಿದ ಶಾಸನ 1976ರಲ್ಲಿ ಬಂದಿತಾದರೂ, ಹೆಬ್ಬೆರಳಿನ ನೆನಪು ಶಾಸನಕ್ಕಿಂತ ದೀರ್ಘವಾದದ್ದು. ಹಾಡಿನ ಪ್ರೀತಿಗಾಗಿ ಯಾರಾದರೂ ಹೆಬ್ಬೆಟ್ಟು ಕೇಳಿಯಾರೆಂದು ಅವಳು ಹೇಗೆ ನಂಬಬೇಕು? ಕಾನೂನೇನೋ ಅವಳ ಕಡೆಗೇ ಇದೆ. ಹೆಸರು ಬರೆಯಲಾರದವರು ಇಡುವ ಗುರುತೂ ರುಜುವೇ ಎಂದು 1897ರ ಜನರಲ್ ಕ್ಲಾಸಸ್ ಆಕ್ಟ್ ಹೇಳುತ್ತದೆ. ಸಂಗ್ರಾಹಕರ ಪೇಟೆ ಮಾತ್ರ ಅದನ್ನು ಇನ್ನೂ ಒಪ್ಪಿದಂತಿಲ್ಲ.

ಕನ್ನಡದಲ್ಲಿ ಹಾಡಿಗೆ ರುಜು ಹಾಕುವ ಪದ್ಧತಿ ಹೊಸದೇನಲ್ಲ. ಪುರಂದರದಾಸರಿಗೆ ಮಸಿಯ ಕುಡಿಕೆಯ ಹಂಗಿರಲಿಲ್ಲ. ಕೀರ್ತನೆಯ ಕೊನೆಯಲ್ಲಿ ‘ಪುರಂದರವಿಠಲ’ ಎಂದರೆ ಮುಗಿಯಿತು. ಬಸವಣ್ಣನವರಿಗೆ ‘ಕೂಡಲಸಂಗಮದೇವ’. ಈ ಅಂಕಿತ ಹಾಡಿನೊಳಗೇ ಇರುವುದರಿಂದ, ಹಾಡನ್ನು ಕದ್ದವನೂ ರುಜುವನ್ನು ಹೊತ್ತುಕೊಂಡೇ ಓಡಬೇಕು. ಧ್ವನಿಮುದ್ರಣದ ಆರಂಭದ ದಿನಗಳಲ್ಲಿಯೂ ಇಂಥದೊಂದು ಉಪಾಯ ನಡೆಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆಯನ್ನು ಅಚ್ಚುಮಾಡುವವರಿಗೆ ಹಾಡಿದವರಾರೆಂದು ತಿಳಿಯಲಿ ಎಂಬುದೇ ಅದರ ಉದ್ದೇಶ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳು ಸಹಿ ಮಾಡಿದ ಕಾಗದ ಯಾರ ಮನೆಯಲ್ಲಿದ್ದರೇನು! ಆ ತಟ್ಟೆಗಳಲ್ಲಿರುವ ರುಜುವಿನಲ್ಲಿ ಉಸಿರಿದೆ.

ನಾಟಿಯ ಪದಕ್ಕೆ ಮಾತ್ರ ಅಂಕಿತವೂ ಇಲ್ಲ, ತಟ್ಟೆಯೂ ಇಲ್ಲ. ಇದೇ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಹಾಡುಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಸಕಲೇಶಪುರದವರಾದ ಎಸ್. ಕೆ. ಕರೀಂಖಾನರು ಹಳ್ಳಿಹಳ್ಳಿ ತಿರುಗಿ ಪದಗಳನ್ನು ಸಂಗ್ರಹಿಸಿ, ತಾವೇ ಸಭೆಗಳಲ್ಲಿ ಹಾಡಿ, ‘ಜಾನಪದ ಜಂಗಮ’ರೆನಿಸಿದರು, 1962ರ ‘ಸ್ವರ್ಣಗೌರಿ’ ಚಿತ್ರಕ್ಕೆ ಗೀತೆಗಳನ್ನು ಬರೆದವರೂ ಅವರೇ. 2006ರಲ್ಲಿ ಅವರು ತೀರಿಕೊಂಡರು. ಅವರ ಹಸ್ತಾಕ್ಷರವುಳ್ಳ ಪುಸ್ತಕವೊಂದು ಮಲೆನಾಡಿನ ಯಾವ ಮನೆಯಲ್ಲಿಯಾದರೂ ಇದ್ದರೆ, ಅದನ್ನು ಗೆದ್ದಲಿನಿಂದ ಕಾಪಾಡುವುದು ಒಳ್ಳೆಯದು. ಆದರೆ ಅವರಿಗೆ ಪದ ಹೇಳಿಕೊಟ್ಟ ಹೆಂಗಸರ ರುಜು ಯಾವ ಪುಟದಲ್ಲಿದೆ? ಹಾಡಿದವರು ಬರೆಯಲಿಲ್ಲ, ಬರೆದವರ ಹೆಸರು ಉಳಿಯಿತು. ಇದರಲ್ಲಿ ಬರೆದವರ ತಪ್ಪೇನೂ ಇಲ್ಲ. ಅವರು ಬರೆಯದಿದ್ದರೆ ಹಾಡೂ ಉಳಿಯುತ್ತಿರಲಿಲ್ಲ.

ಈಗ ಅಜ್ಜಿಯ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳ ರುಜು ಮುತ್ತು ಪೋಣಿಸಿದಂತೆ ಸೊಗಸಾಗಿದೆ, ಪದ ಮಾತ್ರ ಒಂದೂ ಬಾರದು. ಪದ ಬಂದವರಿಗೆ ರುಜು ಬಾರದ, ರುಜು ಬಂದವರಿಗೆ ಪದ ಬಾರದ ಈ ನಡುವಿನ ಕಾಲ ಬಹಳ ದಿನ ಉಳಿಯುವಂಥದಲ್ಲ. ಸಂಗ್ರಾಹಕನಾದವನು ಅವಸರಪಡಬೇಕಾದದ್ದು ಇಲ್ಲಿಯೇ.

ಅವಸರವೆಂದರೆ ಪುಸ್ತಕವನ್ನು ಮುಂದೆ ಚಾಚುವುದಲ್ಲ. ಮೊದಲು ಪದವನ್ನು ಕೇಳಬೇಕು, ಪೂರ್ತಿಯಾಗಿ. ಕೈಯಲ್ಲಿರುವ ಮೊಬೈಲಿನಲ್ಲಿ, ಅವಳ ಒಪ್ಪಿಗೆ ಪಡೆದು, ಅದನ್ನು ಹಿಡಿದಿಡಬೇಕು. ಕೊನೆಯಲ್ಲಿ ಅವಳ ಹೆಸರನ್ನೂ ಊರನ್ನೂ ಪದ ಕಲಿಸಿದ ಅತ್ತೆಯ ಹೆಸರನ್ನೂ ಅವಳ ಬಾಯಿಂದಲೇ ಹೇಳಿಸಬೇಕು. ಆಮೇಲೆ ಪುಟದ ಮೇಲೆ ಆ ದಿನದ ತಾರೀಖನ್ನೂ ಪದದ ಮೊದಲ ಮಾತನ್ನೂ ಬರೆದು, ಬರೆದುದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಇದು ಸಾಲದ ಪತ್ರವಲ್ಲವೆಂದು ಅವಳಿಗೆ ನಂಬಿಕೆ ಬಂದರೆ ಹೆಬ್ಬೆರಳು ತಾನಾಗಿಯೇ ಮುಂದೆ ಬರುತ್ತದೆ. ಬಾರದಿದ್ದರೆ ಪುಟ ಖಾಲಿಯಾಗಿಯೇ ಇರಲಿ. ಅಂಥ ಖಾಲಿ ಪುಟಗಳೂ ಪುಸ್ತಕದಲ್ಲಿ ಇರಬೇಕಾದವೇ.

ಬಂದರೆ, ಅವಳು ಮಸಿಯ ಹೆಬ್ಬೆರಳನ್ನು ಹಳೆಯ ರೂಢಿಯಂತೆ ತಲೆಗೂದಲಿಗೆ ಒರೆಸಿಕೊಂಡು, ಇನ್ನೊಂದು ಪದ ಜ್ಞಾಪಕಕ್ಕೆ ಬಂದಿತೆಂದು ಹೇಳಿ, ಗಂಟಲನ್ನು ಸರಿಪಡಿಸಿಕೊಳ್ಳುತ್ತಾಳೆ.