ಒಂದು ಪೌಂಡು, ಮೂರು ಗೋತ್ರ



ನಿಮ್ಮ ಕಾಗದ ತಲುಪಿತು. ಮೊಮ್ಮಗಳ ಪ್ರಶ್ನೆಯನ್ನು ಉಪಾಯವಾಗಿ ನನ್ನ ತಲೆಗೆ ಕಟ್ಟಿದ್ದೀರಿ! ಪೌಂಡ್ ಅಂದರೆ ತೂಕ, ಪೌಂಡ್ ಅಂದರೆ ದುಡ್ಡು, ಅದು ಹೇಗೋ ಹೊಂದುತ್ತದೆ. ಬೀಡಾಡಿ ದನ ಕೂಡಿಹಾಕುವ ದೊಡ್ಡಿಯೂ ಪೌಂಡ್, ಒರಳಲ್ಲಿ ಕುಟ್ಟುವುದೂ ಪೌಂಡ್ ಅಂದರೆ ಹೇಗೆ ಎನ್ನುವುದು ಅವಳ ತಕರಾರು. ತಕರಾರು ನ್ಯಾಯವಾಗಿಯೇ ಇದೆ. ಇವು ಒಂದೇ ಪದದ ಮೂರು ಅರ್ಥಗಳಲ್ಲ, ಮೂರು ಬೇರೆ ಪದಗಳು. ಹೆಸರು ಒಂದೇ, ಗೋತ್ರ ಬೇರೆ.

ತೂಕದ್ದು ಲ್ಯಾಟಿನ್ ಮೂಲದ್ದು. ರೋಮನ್ನರು 'ಲಿಬ್ರಾ ಪಾಂಡೊ' ಎನ್ನುತ್ತಿದ್ದರು. ಲಿಬ್ರಾ ಅಳತೆಯ ಹೆಸರು, ಪಾಂಡೊ ಅಂದರೆ 'ತೂಕದಲ್ಲಿ'. ಅವರ ಜೊತೆ ವ್ಯಾಪಾರ ಮಾಡುತ್ತಿದ್ದ ಜರ್ಮನಿಕ್ ಜನ ಹೆಸರನ್ನು ಬಿಟ್ಟು ಬಾಲವನ್ನು ಹಿಡಿದುಕೊಂಡರು. ಲಿಬ್ರಾ ಮಾತಿನಿಂದ ಹೋದರೂ ಬರವಣಿಗೆಯಲ್ಲಿ ಉಳಿಯಿತು. ಪೌಂಡ್ ತೂಕವನ್ನು ಚಿಕ್ಕದಾಗಿ 'ಎಲ್‌ಬಿ' ಎಂದು ಬರೆಯುವುದು ಅದರಿಂದಲೇ. ಪೌಂಡ್ ಹಣದ ಚಿಹ್ನೆಯೂ ಅಡ್ಡಗೆರೆ ಎಳೆದ ಎಲ್ ಅಕ್ಷರವೇ. ಹಿಂದೆ ಒಂದು ಪೌಂಡ್ ಬೆಳ್ಳಿಯಿಂದ 240 ಪೆನ್ನಿ ಟಂಕಿಸುತ್ತಿದ್ದರು, ಹಾಗಾಗಿ ತೂಕದ ಹೆಸರೇ ಹಣದ ಹೆಸರಾಯಿತು. 240 ಪೆನ್ನಿಯ ಲೆಕ್ಕ 1971ರ ಫೆಬ್ರವರಿ 15ರವರೆಗೂ ನಡೆಯಿತು. ಅಂದಿನಿಂದ 100 ಪೆನ್ಸ್. ಈಗಿನ ಪೌಂಡ್ ನಾಣ್ಯದಲ್ಲಿ ಬೆಳ್ಳಿಯ ಸುಳಿವಿಲ್ಲ. ಅದು ತೂಗುವುದು 8.75 ಗ್ರಾಂ, ಪೌಂಡ್ ತೂಕವಾದರೋ 453 ಗ್ರಾಂ ಚಿಲ್ಲರೆ. ನಮ್ಮಲ್ಲಿ ಮೆಟ್ರಿಕ್ ಪದ್ಧತಿ ತಂದ 1956ರ ಕಾಯ್ದೆ ಸೇರು, ಮಣಗಳ ಜೊತೆ ಪೌಂಡನ್ನೂ ಮನೆಗೆ ಕಳಿಸಿತು. ಬೇಕರಿಯವರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಪೊಟ್ಟಣದ ಮೇಲೆ ಗ್ರಾಂ ಲೆಕ್ಕ ಅಚ್ಚಾಗಿದ್ದರೂ ನಾವು ಕೇಳುವುದು ಅರ್ಧ ಪೌಂಡ್ ಬ್ರೆಡ್ಡನ್ನೇ.

ದೊಡ್ಡಿಯ ಪೌಂಡ್ ಅಪ್ಪಟ ಹಳೆಯ ಇಂಗ್ಲಿಷ್. ಆವರಣ ಎಂಬುದು ಅದರ ಅರ್ಥ. ನೀರು ಕಟ್ಟಿ ನಿಲ್ಲಿಸಿದ ಕೊಳಕ್ಕೆ 'ಪಾಂಡ್' ಎಂದದ್ದೂ ಇದೇ ಪದದ ಉಚ್ಚಾರ ಬದಲಾಗಿ. ಬ್ರಿಟಿಷ್ ಇಂಡಿಯಾಕ್ಕೆ ಇದು ಕಾನೂನಿನ ಹೆಗಲೇರಿ ಬಂತು. ಬೆಳೆಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆಯಬೇಕು, ಒಡೆಯ ದಂಡದ ಜೊತೆ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳಬೇಕು, ಯಾರೂ ಬಾರದಿದ್ದರೆ ಹರಾಜು. ಇದು 1871ರ ದನಗಳ ಅತಿಕ್ರಮಣ ಕಾಯ್ದೆ. ನೋ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಸ್ಕೂಟರಿನ ಪಾಡು ಈಗಲೂ ಸುಮಾರು ಹೀಗೆಯೇ, ಮೇವಿನ ಖರ್ಚೊಂದು ಇಲ್ಲ.

ಕುಟ್ಟುವ ಪೌಂಡ್ ಮೊದಲು 'ಪೂನಿಯನ್' ಆಗಿತ್ತು. ಅದರಲ್ಲಿ ಡಕಾರವೇ ಇರಲಿಲ್ಲ. ನಕಾರದಲ್ಲಿ ಮಾತು ನಿಲ್ಲಿಸಲು ಇಂಗ್ಲಿಷ್ ನಾಲಿಗೆಗೆ ಯಾಕೋ ಸಮಾಧಾನವಿಲ್ಲ, ಕೊನೆಗೊಂದು 'ಡ್' ಅಂಟಿಸಿಬಿಡುತ್ತದೆ. ಸದ್ದಿನ 'ಸೌಂಡ್' ಕೂಡ ಮೊದಲು ಬರೀ 'ಸೂನ್' ಆಗಿತ್ತು. ಆ ಬಾಲ ಅಂಟದೇ ಹೋಗಿದ್ದರೆ ಕುಟ್ಟುವ ಪದ ದೊಡ್ಡಿಯ ಪಕ್ಕಕ್ಕೂ ಬರುತ್ತಿರಲಿಲ್ಲ, ನಿಮ್ಮ ಮೊಮ್ಮಗಳ ತಂಟೆಗೂ ಬರುತ್ತಿರಲಿಲ್ಲ.

ಅವಳು ಬಿಡುವವಳಲ್ಲ, ಮುಂದೆ ಕಾಂಪೌಂಡಿನ ಬಗ್ಗೆ ಕೇಳಿಯೇ ಕೇಳುತ್ತಾಳೆ. ಸಿದ್ಧವಾಗಿರಿ. ಔಷಧಿ ಬೆರೆಸಿ ಮಿಕ್ಸ್ಚರ್ ಮಾಡಿಕೊಡುತ್ತಿದ್ದ ಕಾಂಪೌಂಡರ್ ಬಂದದ್ದು 'ಕೂಡಿಸಿಡು' ಎನ್ನುವ ಲ್ಯಾಟಿನ್ ಮಾತಿನಿಂದ. ಮನೆ ಸುತ್ತಲಿನ ಕಾಂಪೌಂಡಿಗೂ ಅವನಿಗೂ ನೆಂಟಸ್ತಿಕೆ ಇದ್ದಂತಿಲ್ಲ. ಅದು ಮಲಯ ಭಾಷೆಯ 'ಕಂಪುಂಗ್' ಎಂದು ನಿಘಂಟುಕಾರರ ಒಲವು. 1886ರ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಇದನ್ನು ಚರ್ಚಿಸಿದ್ದಾರೆ. ಪೂರ್ವದೇಶಗಳಿಗೆ ಹೋದ ಬಿಳಿಯರು ಕೇಳಿಸಿಕೊಂಡ ಪದವನ್ನು ತಮಗೆ ಗೊತ್ತಿದ್ದ 'ಕಾಂಪೌಂಡ್' ಅಚ್ಚಿಗೇ ಒತ್ತಿಬಿಟ್ಟರು. ಅವರಿಗೆ ಅದು ಆವರಣದ ಒಳಗಿನ ಜಾಗ. ಕನ್ನಡಕ್ಕೆ ಬರುವಷ್ಟರಲ್ಲಿ ಗೋಡೆಯೇ ಕಾಂಪೌಂಡ್ ಆಗಿ, ಕಳ್ಳ ಅದನ್ನು ಹಾರುವಂತಾಯಿತು.

ಅಂದಹಾಗೆ, ನಿಮ್ಮ ಕಾಂಪೌಂಡಿಗೆ ಸುಣ್ಣ ಹೊಡೆಸುವುದು ಮಳೆ ಹಿಡಿಯುವ ಮೊದಲು ಮುಗಿಯಿತೇ? ಬರೆಯಿರಿ.

ಇತಿ ನಿಮ್ಮವ