ಬಿಟ್ಟು ಬರಲೊಪ್ಪದ ಡಾಕ್ಟರು

1915ರ ನವೆಂಬರ್. ಸೆರ್ಬಿಯಾದ ಕ್ರುಶೆವಾಟ್ಸ್ ಊರಿಗೆ ಗುಂಡಿನ ಸದ್ದು ಹತ್ತಿರವಾಗುತ್ತಿದೆ. ಉತ್ತರದಿಂದ ಜರ್ಮನರು, ಆಸ್ಟ್ರಿಯನ್ನರು, ಪೂರ್ವದಿಂದ ಬಲ್ಗೇರಿಯನ್ನರು. ಸೈನ್ಯ ಹಿಮ್ಮೆಟ್ಟುತ್ತಿದೆ. ಎತ್ತಿನ ಗಾಡಿ, ಹಸುಗೂಸು, ಮುದುಕರು, ಎಲ್ಲರೂ ಅಲ್ಬೇನಿಯಾದ ಹಿಮದ ಬೆಟ್ಟಗಳತ್ತ. ಡಾ. ಎಲ್ಸಿ ಇಂಗ್ಲಿಸ್ ಕೂಡ ಹೊರಡಬಹುದಿತ್ತು. ಹೊರಡಲಿಲ್ಲ. ಎದ್ದು ಕೂರಲಾಗದ ಗಾಯಾಳುಗಳನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು?

ನಮ್ಮ ನೈನಿತಾಲ್‌ನಲ್ಲಿ 1864ರಲ್ಲಿ ಹುಟ್ಟಿದವರು. ಎಡಿನ್‌ಬರೋದಲ್ಲಿ ಹೆಣ್ಣುಮಕ್ಕಳ ವೈದ್ಯಶಿಕ್ಷಣಕ್ಕಾಗಿ ಹೋರಾಡಿದವರು, ಬಡ ಬಾಣಂತಿಯರಿಗೆ ಆಸ್ಪತ್ರೆ ತೆರೆದವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮಹಿಳಾ ವೈದ್ಯರ ತಂಡ ಕಟ್ಟಿಕೊಡುತ್ತೇನೆಂದು ಬ್ರಿಟಿಷ್ ಯುದ್ಧ ಕಚೇರಿಗೆ ಹೋದರೆ, ಮನೆಗೆ ಹೋಗಿ ಸುಮ್ಮನೆ ಕೂತಿರಿ ಎಂದು ಸಾಗಹಾಕಿದರು! ಐವತ್ತರ ಆ ಹೆಣ್ಣುಮಗಳು ಹಣ ಕೂಡಿಸಿ ಫ್ರಾನ್ಸ್‌ಗೆ, ಸೆರ್ಬಿಯಾಕ್ಕೆ ಹೆಂಗಸರೇ ನಡೆಸುವ ಆಸ್ಪತ್ರೆಗಳನ್ನು ಕಳಿಸಿದರು. ಮರುವರ್ಷ ಮೇ ತಿಂಗಳಲ್ಲಿ ತಾವೇ ಸೆರ್ಬಿಯಾಕ್ಕೆ ಬಂದಿಳಿದರು.

ಈಗ ಶತ್ರು ಕ್ರುಶೆವಾಟ್ಸ್‌ನೊಳಗೆ, ಡಾಕ್ಟರು ಸೆರೆಯಾಳು. ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ. ಉಗ್ರಾಣದಲ್ಲಿ ಸಾಮಾನು ಜೋಡಿಸುವ ಹಲಗೆಗಳ ಮೇಲೆ ರೋಗಿಗಳು, ಒಬ್ಬರ ಮೇಲೊಬ್ಬರಂತೆ ಮೂರು ಸಾಲು. ಕೆಳಗಿನವನ ಗಾಯ ಕಟ್ಟಲು ನರ್ಸು ಅಂಬೆಗಾಲಿಡಬೇಕು, ಮೇಲಿನವನಿಗಾಗಿ ಹತ್ತಬೇಕು. ಗಾಯಕ್ಕಿಂತ ಘೋರ ಭಯ ಹೇನಿನದು. ಟೈಫಸ್ ಜ್ವರ ಹರಡುವುದೇ ಅದರಿಂದ. ಬಟ್ಟೆ ಕುದಿಸು, ಮೈ ತೊಳೆಸು, ನೆಲ ಉಜ್ಜು, ಮತ್ತೆ ಕುದಿಸು! ಹಗಲಿರುಳು ಇದೇ ಯುದ್ಧ. 1916ರ ಫೆಬ್ರವರಿಯಲ್ಲಷ್ಟೇ ಅವರನ್ನು ಬಿಟ್ಟು ಬ್ರಿಟನ್ನಿಗೆ ಕಳಿಸಿದರು.

ಇಷ್ಟು ಕಂಡವರು ವಿಶ್ರಾಂತಿ ಪಡೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಗಸ್ಟ್‌ನಲ್ಲೇ ಮತ್ತೆ ಹಡಗು ಹತ್ತಿದರು. ಆರ್ಖಾಂಗೆಲ್ಸ್ಕ್, ಒಡೆಸ್ಸಾ, ಅಲ್ಲಿಂದ ರೊಮೇನಿಯಾದ ಡೊಬ್ರುಜಾ. ರಷ್ಯನ್ನರ ಜೊತೆ ಕಾದುತ್ತಿದ್ದ ಸೆರ್ಬ್ ದಳದ ಬೆನ್ನಿಗೆ. ಅಕ್ಟೋಬರ್‌ನಲ್ಲಿ ಆ ರಣರಂಗವೂ ಕುಸಿಯಿತು. ಗಾಡಿ, ದನ, ನಿರಾಶ್ರಿತರಿಂದ ಕಿಕ್ಕಿರಿದ ದಾರಿಯಲ್ಲಿ ಆಸ್ಪತ್ರೆಯನ್ನೇ ಹೊತ್ತು ಹಿಂದೆ ಸರಿಯಬೇಕಾಯಿತು. ನಿಂತಲ್ಲಿ ಮತ್ತೆ ಶಸ್ತ್ರಚಿಕಿತ್ಸೆ.

1917. ರಷ್ಯಾದಲ್ಲಿ ಕ್ರಾಂತಿ, ಎಲ್ಸಿಯ ಮೈಯೊಳಗೆ ಕ್ಯಾನ್ಸರ್. ತಂಡ ವಾಪಸಾಗಲಿ ಎಂದು ಲಂಡನ್ನಿನಿಂದ ಒತ್ತಡ. ಅವರದು ಒಂದೇ ಪಟ್ಟು: ಸೆರ್ಬ್ ಸೈನಿಕರೂ ಹೊರಡುವುದು ಖಾತ್ರಿಯಾಗಲಿ, ಆಮೇಲೆ ನಾವು. ಕೊನೆಗೂ ಗೆದ್ದರು. ಚಳಿಗಾಲದ ಸಮುದ್ರ ದಾಟಿದ ಹಡಗಿನಲ್ಲಿ, ನಿಲ್ಲಲಾರದ ನೋವಿನಲ್ಲೂ ಸಮವಸ್ತ್ರ ತೊಟ್ಟು, ಪದಕ ಧರಿಸಿ, ಸೆರ್ಬ್ ಅಧಿಕಾರಿಗಳನ್ನು ನಿಂತೇ ಬೀಳ್ಕೊಟ್ಟರು.

ನವೆಂಬರ್ 25ರಂದು ನ್ಯೂಕಾಸಲ್‌ನಲ್ಲಿ ಇಳಿದರು; ಮರುದಿನ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಂಡ ಅವರ ಹೆಸರನ್ನೇ ಇಟ್ಟುಕೊಂಡು, ಅದೇ ಸೆರ್ಬ್ ಸೈನಿಕರ ಶುಶ್ರೂಷೆಗೆ ಮ್ಯಾಸಿಡೋನಿಯಾಕ್ಕೆ ಹೊರಟಿತು.