ಕೋಟೆ ಪಕ್ಕದಲ್ಲೊಂದು ರೂಮು

ಹಿರಿಯೂರಿನಿಂದ ಅಣ್ಣನ ಮಗ ಫೋನ್ ಮಾಡಿದಾಗ ಜಯನಗರದ ನಮ್ಮನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. "ಚಿಕ್ಕಪ್ಪ, ಅಮ್ಮಂಗೆ ಕಣ್ಣಿನ ಪೊರೆ. ಮಿಂಟೋದಲ್ಲಿ ಆಪರೇಷನ್. ಕೋಟೆ ಹತ್ರ ಒಂದು ರೂಮು ನೋಡ್ತೀರಾ?"

"ಮನೆ ಇರುವಾಗ ರೂಮು ಯಾಕೋ?" ಅಂದೆ. ಆಪರೇಷನ್ ಆದ ಮರುದಿನ ಬೆಳಗ್ಗೆಯೇ ತೋರಿಸಬೇಕಂತೆ. ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಾತ್ರ ಬರುತ್ತೇನೆಂದು ಅತ್ತಿಗೆಯ ಹಟ. ಚಿತ್ರದುರ್ಗದ ಸೀಮೆಯವರ ಬಾಯಲ್ಲಿ ಕೋಟೆ ಅಂದರೆ ಏಳು ಸುತ್ತಿನ ಕಲ್ಲಿನ ಕೋಟೆಯೇ. ಅವರು ಬೆಂಗಳೂರಿನ ಕೋಟೆಯ ಹತ್ತಿರ ರೂಮು ಕೇಳಿದ್ದು ಕಿವಿಗೆ ಹೊಸದಾಗಿ ಕೇಳಿಸಿತು. ಇಷ್ಟು ವರ್ಷ ಇದೇ ಊರಿನಲ್ಲಿದ್ದರೂ ಆ ಕೋಟೆಯ ಬಳಿ ಒಂದು ರಾತ್ರಿ ಉಳಿಯುವ ಯೋಚನೆ ನನಗೆ ಬಂದೇ ಇರಲಿಲ್ಲ.

ಮೆಟ್ರೋ ಹತ್ತಿದೆ. ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು; ಅಲ್ಲಿಂದ ರೈಲು ನೆಲದೊಳಕ್ಕೆ ಇಳಿದು ಮಾರ್ಕೆಟ್ಟಿನಲ್ಲಿ ನಿಲ್ಲುತ್ತದೆ. ಮೇಲೆ ಬಂದರೆ ಸೇವಂತಿಗೆಯ ವಾಸನೆ, ಕೊತ್ತಂಬರಿಯ ವಾಸನೆ, ಬಸ್ಸಿನ ಹೊಗೆ. ಅದರಾಚೆ ದಿಲ್ಲಿ ಬಾಗಿಲು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದಕ್ಕೆ ಕಲ್ಲಿನ ಮೈ ಕೊಟ್ಟ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳಗೆ ನುಗ್ಗಿತು. ಈಗ ಉಳಿದಿರುವುದು ಈ ಬಾಗಿಲು, ಅದರ ಸುತ್ತ ಒಂದಿಷ್ಟು ಗೋಡೆ, ಒಳಗೊಬ್ಬ ಗಣಪ.

ಮಿಕ್ಕ ಕೋಟೆ ಎಲ್ಲಿ ಹೋಯಿತು ಅಂತ ಕೇಳಿದರೆ, ಒಂದು ಪಾಲು ಆಸ್ಪತ್ರೆಯಾಯಿತು ಅನ್ನಬಹುದು. 1900ರಲ್ಲಿ ವಿಕ್ಟೋರಿಯಾ ಬಂತು, 1935ರಲ್ಲಿ ವಾಣಿವಿಲಾಸ. ಮಿಂಟೋ ಕಣ್ಣಾಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದದ್ದು 1913ರಲ್ಲಿ. ಕೋಟೆ ವೆಂಕಟರಮಣಸ್ವಾಮಿ ಗುಡಿ, ಟಿಪ್ಪುವಿನ ಮರದ ಅರಮನೆ ಇರುವ ರಸ್ತೆಯಲ್ಲೇ ಅದೂ ಇದೆ. ಹಾಗಾಗಿ ಇಲ್ಲಿ ಕೋಟೆಯ ಬಳಿ ರೂಮು ಹುಡುಕುವವರು ಕೋಟೆ ನೋಡಲು ಬಂದವರಲ್ಲ. ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಂದರಲ್ಲಿ ಗಂಜಿಯ ಫ್ಲಾಸ್ಕು ಹಿಡಿದವರು. ರೂಮು ಸಿಗದವರು, ಸಿಕ್ಕರೂ ಕೈಗೆಟುಕದವರು, ಆಸ್ಪತ್ರೆಯ ಮರದಡಿ ಚಾಪೆ ಹಾಸುತ್ತಾರೆ. ಬೆಳಗಿನ ಜಾವ ಅಲ್ಲಿ ಹೊದಿಕೆಯ ತುಂಬ ಇಬ್ಬನಿ. ಅದನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಕಿವುಚುತ್ತದೆ.

ನಮ್ಮಮ್ಮ ಇದ್ದ ಕಾಲಕ್ಕೆ ಊರಿನವರಿಗೆಲ್ಲ ನಮ್ಮ ಮನೆಯೇ ಛತ್ರ. ನಡುಮನೆಯಲ್ಲಿ ಜಮಖಾನ ಹಾಸಿರುತ್ತಿತ್ತು. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡ ಯಾರೋ ಅಜ್ಜ ಗೋಡೆಗೊರಗಿ ಕೂತು, ಒಗ್ಗರಣೆಯ ಸದ್ದಿನಲ್ಲೇ ಇವತ್ತು ಯಾವ ಸಾರು ಅಂತ ಹೇಳಿಬಿಡುತ್ತಿದ್ದರು. ವಾರ, ಹದಿನೈದು ದಿನ ಇದ್ದು, ಹೊರಡುವಾಗ ನಮ್ಮ ಕೈಗೆ ನಾಲ್ಕಾಣೆ ಇಡುತ್ತಿದ್ದರು.

ಆ ಮಧ್ಯಾಹ್ನ ಏಳು ಲಾಡ್ಜು ಹತ್ತಿ ಇಳಿದೆ. ಒಂದರಲ್ಲಿ ಗೋಡೆಯೆಲ್ಲ ಬೂಷ್ಟು. ಇನ್ನೊಂದರಲ್ಲಿ ಒಳ್ಳೆಯ ಹಾಸಿಗೆ, ಆದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಪೊರೆ ತೆಗೆದ ಕಣ್ಣಿಗೆ ಧೂಳು ತಾಗಬಾರದು, ತಲೆಗೆ ನೀರು ಹಾಕುವಂತಿಲ್ಲ, ಕೆಲವು ದಿನ ಬಗ್ಗಿ ಭಾರ ಎತ್ತುವಂತಿಲ್ಲ. ಏಳನೆಯ ಕಡೆ ಕೌಂಟರಿನಲ್ಲಿದ್ದ ಹಿರಿಯರು ಲೆಡ್ಜರಿನಿಂದ ತಲೆಯೆತ್ತಿ, "ಯಾರಿಗೆ ಸ್ವಾಮಿ, ಮಿಂಟೋಗಾ?" ಅಂದರು. ಹೌದೆಂದೆ. ನಾನು ಮತ್ತೇನೂ ಹೇಳುವ ಮೊದಲೇ ಕೆಳಗಿನ ರೂಮಿನ ಬೀಗದಕೈ ತೆಗೆದರು. ಒಗೆದ ದಿಂಬಿನ ಕವರು, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ. ಬೆಳಗ್ಗೆ ಆರಕ್ಕೆ ಬಿಸಿನೀರು. ಅಲ್ಲೇ ಅಡ್ವಾನ್ಸ್ ಕೊಟ್ಟೆ.

ಅತ್ತಿಗೆ ಮೂರು ರಾತ್ರಿ ಅಲ್ಲಿದ್ದರು. ಒಂದು ರಾತ್ರಿ ನಾನೂ ಜೊತೆಗಿದ್ದೆ. ಬೆಳಗಿನ ಜಾವ ಹೂವಿನ ಮೂಟೆಗಳು ಇಳಿಯುವ ಸದ್ದಿಗೆ ಎಚ್ಚರವಾಯಿತು. ಹಗಲು ಯಾವತ್ತೂ ಕೇಳಿರದ ಗುಡಿಯ ಗಂಟೆ ಕೇಳಿಸಿತು. ಊರಿಗೆ ಹೊರಡುವ ದಿನ ಕಪ್ಪು ಕನ್ನಡಕ ಹಾಕಿಕೊಂಡೇ ದಿಲ್ಲಿ ಬಾಗಿಲಿಗೆ ಬಂದು, ಗೋಡೆಯ ಮೇಲೆ ಅಂಗೈ ಇಟ್ಟರು. "ನಮ್ಮ ದುರ್ಗದ ಕಲ್ಲಿನಷ್ಟು ದೊಡ್ಡವಲ್ಲ," ಅಂದರು. ಮತ್ತೆ, "ಕೆತ್ತನೆ ಮಾತ್ರ ಚೆನ್ನಾಗಿ ಕಾಣ್ತದೆ ಕಣಪ್ಪ."

ನಿಮ್ಮವರು ಯಾರಾದರೂ ಕೋಟೆಯ ಹತ್ತಿರ ರೂಮು ನೋಡಲು ಹೇಳಿದರೆ ಫೋನಿನಲ್ಲೇ ಮುಗಿಸಬೇಡಿ. ಒಮ್ಮೆ ಹೋಗಿ ಮೆಟ್ಟಿಲು ಎಣಿಸಿ, ಹಾಸಿಗೆ ಮುಟ್ಟಿ ನೋಡಿ, ನಲ್ಲಿ ತಿರುಗಿಸಿ ಬನ್ನಿ.